ತಲೆ ತೂಗುವ ಹಾವು ಮತ್ತು ನನ್ನ ತಮ್ಮ

ಹತ್ತು ದಿನಕ್ಕೊಮ್ಮೆ, ಬೆಳಗಿನ ತಿಂಡಿಯ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ, ಹಾವಿಗೆ ಊಟ ಕೊಡುತ್ತೇನೆ. ಅದಕ್ಕೆಂದೇ ಒಂದು ಹಳೆಯ ಸ್ಟೀಲ್ ಚೊಂಬು ಇದೆ. ಗುರುತು ಇರಲಿ ಎಂದು ಅದರ ಕಂಠಕ್ಕೆ ಕೆಂಪು ದಾರ ಕಟ್ಟಿದ್ದೇನೆ, ಅಡುಗೆಮನೆಯೊಳಕ್ಕೆ ಅದು ಬರುವಂತಿಲ್ಲ. ಹಿತ್ತಿಲ ಕೋಣೆಯ ಸಣ್ಣ ಫ್ರಿಜ್ಜಿನಲ್ಲಿ ಕಲ್ಲಾಗಿರುವ ಇಲಿಯನ್ನು ಕವರ್ ಸಮೇತ ಬಿಸಿನೀರಿಗೆ ಇಳಿಸಿ, ನೀರು ಆರಿದಂತೆ ಬದಲಿಸಿ, ಬೆರಳಲ್ಲಿ ಒತ್ತಿ ನೋಡುತ್ತೇನೆ. ಹೊಟ್ಟೆಯ ಭಾಗವೂ ಮೆತ್ತಗಾಗಿ ಬೆಚ್ಚಗಾಗಿರಬೇಕು. ಆ ಹೊತ್ತಿನಲ್ಲಿ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಯಾರೂ ದಡದಡ ನಡೆಯುವಂತಿಲ್ಲ. ನನ್ನ ಗಂಡ ಪೇಪರ್ ಹಿಡಿದು ಜಗಲಿಗೆ ಹೋಗಿ ಕೂರುತ್ತಾರೆ.

ಬೇರೆ ಹಾವಾಗಿದ್ದರೆ ಒಂದೇ ಏಟಿಗೆ ಹಿಡಿದು ಸುತ್ತಿಕೊಳ್ಳುತ್ತಿತ್ತು. ಇದು ಹಾಗಲ್ಲ. ಇಲಿಯ ವಾಸನೆ ಸಿಕ್ಕಿದ ಕೂಡಲೇ ಇದರ ತಲೆ ತೂಗಲು ಶುರುವಾಗುತ್ತದೆ. ಮೊದಲು ಎಡಕ್ಕೂ ಬಲಕ್ಕೂ ಸಣ್ಣ ನಡುಕ, ಆಮೇಲೆ ಕತ್ತು ತಿರುಚಿಕೊಂಡು ಗಲ್ಲದ ಬಿಳಿಯ ಭಾಗ ಮೇಲಾಗುತ್ತದೆ. ಆಕಾಶ ನೋಡುತ್ತಾ ನೆಲದ ಮೇಲಿನ ಇಲಿಗೆ ಬಾಯಿ ಹಾಕುತ್ತದೆ. ತಪ್ಪುತ್ತದೆ. ಎರಡನೇ ಸಲ ಗಾಜಿಗೆ ಹೊಡೆದುಕೊಳ್ಳುತ್ತದೆ. ನಾನು ಉದ್ದನೆಯ ಚಿಮ್ಮಟದಲ್ಲಿ ಇಲಿಯನ್ನು ಅಲುಗಾಡದಂತೆ ಹಿಡಿದುಕೊಂಡು, ಅದರ ತಲೆ ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲಿಗೇ ಒಯ್ದು ಕಾಯುತ್ತೇನೆ. ಕೆಲವು ದಿನ ಹತ್ತು ನಿಮಿಷ, ಕೆಲವು ದಿನ ಒಂದು ಗಂಟೆ. ಕೈ ಜೋಮು ಹಿಡಿದರೆ ಇನ್ನೊಂದು ಕೈಗೆ ಬದಲಿಸುತ್ತೇನೆ. ಯಾವ ದಿನ, ಎಷ್ಟನೆಯ ಸಲಕ್ಕೆ ಹಿಡಿಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೂರು ವರ್ಷದ ಪುಟಗಳಿವೆ.

ಹಾವಿನ ಮೇಲೆ ಅಷ್ಟು ಪ್ರೀತಿಯೇ ಎಂದು ಕೇಳುವವರಿದ್ದಾರೆ. ನಿನ್ನ ತಮ್ಮನ ಮೇಲೆ ಅಷ್ಟು ಸಿಟ್ಟೇ ಎಂದು ಕೇಳಿದರೆ ಮಾತ್ರ ಹೇಳಲು ಬೇಕಾದಷ್ಟಿದೆ.

ತಮ್ಮನದು ಕಡೂರಿನಲ್ಲಿ ಬಣ್ಣದ ಮೀನು, ಗಿಳಿ, ಮೊಲ, ನಾಯಿಯ ತಿಂಡಿ ಮಾರುವ ಅಂಗಡಿ. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಅಂಗಡಿಯ ನೆಲಕ್ಕೆ ಟೈಲ್ಸ್ ಹಾಕಿಸುವಾಗ, ಗಾಜಿನ ಪೆಟ್ಟಿಗೆಯನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಅಜ್ಜಂಪುರದ ನಮ್ಮ ಮನೆಗೆ ಬಂದ.

"ಒಂದ್ ವಾರ ಕಣಕ್ಕ. ಟೈಲ್ಸ್ ಮುಗೀತಿದ್ದಂಗೆ ಬಂದು ತಗೊಂಡ್ ಹೋಗ್ಬಿಡ್ತೀನಿ."

"ಹಾವು ತಂದು ಒಂದ್ ವಾರ ಅಂತೀಯಲ್ಲೋ. ಕುಕ್ಕರ್ ಕೊಟ್ಟಂಗೆ ಹೇಳ್ತೀಯ."

"ವಿಷ ಇಲ್ಲ ಏನಿಲ್ಲ. ಆಫ್ರಿಕಾದ್ದು, ಬಾಲ್ ಪೈಥಾನ್ ಅಂತಾರೆ. ಹೆದರಿದ್ರೆ ಚೆಂಡಿನಂಗೆ ಮುದುರ್ಕತದೆ ಅಷ್ಟೆ. ಸಾಕೋಕೆ ಸರ್ಕಾರದ್ ಕಾಗದ ಎಲ್ಲ ನನ್ ಹೆಸ್ರಲ್ಲಿ ಮಾಡ್ಸಿದೀನಿ."

ಮೈಮೇಲೆ ಜೇಡರ ಬಲೆ ಹರಡಿದಂತೆ ಕಪ್ಪು ಗೆರೆ, ನಡುವೆ ಬೆಲ್ಲದ ಬಣ್ಣ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪೆಟ್ಟಿಗೆಯನ್ನು ಕೆಳಗಿಟ್ಟ ಅಲುಗಾಟಕ್ಕೆ ಅದರ ತಲೆ ತೂಗತೊಡಗಿತು.

"ಇದ್ಯಾಕೋ ಹಿಂಗ್ ತಲೆ ಆಡುಸ್ತದೆ?"

"ಬೆಂಗ್ಳೂರಿಂದ ತರೋವಾಗ ಬಸ್ಸಲ್ಲಿ ಬಾಕ್ಸ್ ಬಿತ್ತು ಕಣಕ್ಕ. ತಲೆಗೆ ಪೆಟ್ಟಾಗೈತೆ. ಸರಿ ಹೋಗುತ್ತೆ."

ಈ ಮಾತನ್ನು ಅವನು ನನ್ನ ಮುಖ ನೋಡಿಕೊಂಡೇ ಹೇಳಿದ. ನಾನು ನಂಬಿದೆ.

ವಾರ ತಿಂಗಳಾಯಿತು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಮೈಮೇಲಿನ ಗೆರೆ ನೋಡಿ, ನಾನು ಕೊಳಕುಮಂಡಲ ಸಾಕಿದ್ದೇನೆಂದು ಬೀದಿಗೆಲ್ಲ ಸಾರಿದಳು.

"ಮಂಡಲ ಇಟ್ಕಂಡು ನೀವ್ ಆರಾಮಾಗಿರ್ತೀರ. ನಮ್ಗೆ ನಿದ್ದೆ ಹೆಂಗ್ ಬರ್ಬೇಕು ಹೇಳಿ" ಎಂದು ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿದಳು.

"ನಿಮ್ ಗೊರಕೆ ನಮ್ಮನೆವರ್ಗೂ ಕೇಳುತ್ತೆ ಕಣ್ರೀ. ನಿದ್ದೆ ಚೆನ್ನಾಗೇ ಬರ್ತಾ ಐತೆ."

ಅವತ್ತಿನಿಂದ ಆಕೆ ನಮ್ಮ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಕೇಳುವುದನ್ನು ಬಿಟ್ಟಳು. ನಮ್ಮ ಮನೆಯ ಕಸದ ಬುಟ್ಟಿ ಒಂದು ಅಂಗುಲ ಆಚೆ ಇದ್ದರೂ ಕಾಲಲ್ಲಿ ಒದ್ದು ಸರಿಸಿದಳು. ನಾನೂ ಬಿಡಲಿಲ್ಲ; ಬೇಕೆಂದೇ ಅಲ್ಲೇ ಇಟ್ಟೆ.

ಅಷ್ಟರಲ್ಲಿ ನಾನು ಹಾವಿನ ಸಂಗತಿಗಳನ್ನು ಒಂದೊಂದಾಗಿ ಕಲಿತೆ. ಪೆಟ್ಟಿಗೆಯ ಒಂದು ಬದಿ ಬೆಚ್ಚಗಿರಬೇಕು, ಇನ್ನೊಂದು ಬದಿ ತಂಪಾಗಿರಬೇಕು. ಕೊಂಬೆ ಇಡಬಾರದು, ಹತ್ತಿ ತಲೆಕೆಳಗಾಗಿ ಬೀಳುತ್ತದೆ. ನೀರಿಗೆ ಆಳವಾದ ಬಟ್ಟಲಾದರೆ ಕತ್ತು ತಿರುಚಿ ಮೂಗು ಮುಳುಗಿ ಒದ್ದಾಡುತ್ತದೆ. ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳದಲ್ಲಿ ಅರ್ಧ ಬೆರಳು ನೀರು ಇಡುತ್ತೇನೆ. ಅಡಗಲು ಒಂದು ಮಡಕೆಯನ್ನು ಅರ್ಧ ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ಬೋರಲಿಟ್ಟೆ. ಅದರೊಳಗೆ ಸುತ್ತಿ ಮಲಗಿದಾಗ ಮಾತ್ರ ತಲೆ ನಿಲ್ಲುತ್ತದೆ. ಬೀದಿಯಲ್ಲಿ ಈರುಳ್ಳಿ ಲಾರಿ ಹೋದ ದಿನ ಮತ್ತೆ ಶುರು.

ಇನ್ನು ನನ್ನ ತಪ್ಪಿನ ವಿಷಯ. ಅದನ್ನು ಬರೆಯದಿದ್ದರೆ ಮುಂದಿನದು ಬರೆದು ಪ್ರಯೋಜನವಿಲ್ಲ.

ನನ್ನ ತವರು ಎಮ್ಮೆದೊಡ್ಡಿಯ ಕಡೆ. ಅಪ್ಪನ ಹತ್ತಿರ ಒಂದು ಅಮೃತಮಹಲ್ ಹೋರಿ ಇತ್ತು. ಸುತ್ತಲ ಹಳ್ಳಿಯವರು ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಬರುತ್ತಿದ್ದರು. ಹೋರಿ ಕೇಳಿಕೊಂಡು ಬಂದವರಿಗೆ ಅಪ್ಪ ಎಂದೂ ಇಲ್ಲ ಎಂದವನಲ್ಲ. ಮಾತು ಬಿಟ್ಟವರು ಬಂದರೂ ಮುಖ ತಿರುಗಿಸಿಕೊಂಡಾದರೂ ಹಗ್ಗ ಬಿಚ್ಚುತ್ತಿದ್ದ. ಅಪ್ಪ ಬೀಜಕ್ಕೆ ಹೋರಿ ಆರಿಸುವಾಗ ಮೈಯ ಸುಳಿ ನೋಡುತ್ತಿದ್ದ. ಹಣೆಯ ಮೇಲೆ ಎಲ್ಲಿ, ಡುಬ್ಬದ ಮೇಲೆ ಎಲ್ಲಿ, ಬೆನ್ನ ಮೇಲೆ ಇದೆಯೋ ಇಲ್ಲವೋ ಎಂದು ಕೂದಲು ನೇವರಿಸಿ ಗಂಟೆಗಟ್ಟಲೆ ನೋಡುತ್ತಿದ್ದ. ಕೊನೆಕೊನೆಗೆ ಆ ಹೋರಿ ಕಾಲುವೆಗೆ ಬಿದ್ದು ಹಿಂಗಾಲು ಕುಂಟಾಯಿತು. ಆಮೇಲೂ ಜನ ಬಂದರು. ಅದರ ಕರುಗಳೆಲ್ಲ ನೆಟ್ಟಗೆ ನಡೆದವು. ಬಿದ್ದು ಕುಂಟಾದದ್ದು ಬೀಜಕ್ಕೆ ಬರುವುದಿಲ್ಲ ಎಂದು ಮಕ್ಕಳಾದ ನಮಗೂ ಗೊತ್ತಿತ್ತು.

ಹಾವು ನಮ್ಮಲ್ಲಿಗೆ ಬಂದ ಎರಡನೆಯ ಚಳಿಗಾಲ ತಮ್ಮ ಬಂದು, "ಅಕ್ಕ, ಒಂದ್ ಹೆಣ್ಣು ತರ್ಸಿದೀನಿ. ಇದನ್ನ ಒಂದೆರಡ್ ತಿಂಗ್ಳು ಕಳ್ಸು. ಬಲೆ ಇರೋ ಮರಿ ಬಂದ್ರೆ ಜನ ಮುಗಿಬೀಳ್ತಾರೆ" ಎಂದ.

ನಾನು ಒಂದು ಮಾತೂ ಎದುರಾಡಲಿಲ್ಲ. ಹೋರಿ ಕೇಳಿದವರಿಗೆ ಇಲ್ಲ ಎನ್ನದ ಮನೆಯ ಮಗಳು. ಬಸ್ಸಿನಲ್ಲಿ ಬಾಕ್ಸ್ ಬಿದ್ದು ಪೆಟ್ಟಾದ ತಲೆ, ಕಾಲುವೆಗೆ ಬಿದ್ದು ಕುಂಟಾದ ಕಾಲು. ಎರಡೂ ಒಂದೇ ಎಂದುಕೊಂಡೆ. ಹಳೆಯ ದಿಂಬಿನ ಚೀಲ ಒಗೆದು ಒಣಗಿಸಿ, ಅದರೊಳಗೆ ಹಾವನ್ನು ಬಿಟ್ಟು, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟ್ಲಿ ಇಟ್ಟು, ಬುಟ್ಟಿಗೆ ಹಾಕಿ ನನ್ನ ಕೈಯಾರೆ ಕೊಟ್ಟೆ. ಬಲೆ ಎಷ್ಟು ಸಮನಾಗಿ ಹರಡಿದೆ ನೋಡು, ಅಪ್ಪ ಇದ್ದಿದ್ದರೆ ಒಳ್ಳೆಯ ಸುಳಿ ಎನ್ನುತ್ತಿದ್ದ ಎಂದು ನಾನೇ ಹೇಳಿದ್ದೆ. ತಮ್ಮ ನಕ್ಕ.

ಹಾವು ಎರಡು ತಿಂಗಳಿಗೆ ಸೊರಗಿ ವಾಪಸಾಯಿತು. ಅಲ್ಲಿ ಅದಕ್ಕೆ ಇಲಿ ಹಿಡಿದುಕೊಂಡು ಕಾಯುವವರಿರಲಿಲ್ಲ. ಬೇಸಿಗೆಯಲ್ಲಿ ಹೆಣ್ಣು ಆರು ಮೊಟ್ಟೆ ಇಟ್ಟಿತು, ಮಳೆಗಾಲದ ಮೊದಲಿಗೆ ಐದು ಒಡೆದವು. ಎರಡು ಮರಿ ಸಾದಾ ಬಣ್ಣದವು, ಮೂರು ಬಲೆಯವು. ಸಾದಾ ಮರಿಗಳನ್ನು ಯಾರೋ ಕೊಂಡುಹೋದರು. ಬಲೆಯ ಮೂರರಲ್ಲಿ ಒಂದನ್ನು ತಮ್ಮ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಕೊಂಡು ನನ್ನಲ್ಲಿಗೆ ತಂದ.

"ಇದ್ ಏನೂ ತಿಂತಿಲ್ಲ ಕಣಕ್ಕ. ನಿನ್ ಕೈಗುಣ ನೋಡು."

ಮುಚ್ಚಳ ತೆಗೆದೆ. ಪೆನ್ಸಿಲಿನಷ್ಟು ದಪ್ಪದ ಮರಿ. ಮುಂದಕ್ಕೆ ಹೋಗಲು ನೋಡಿದರೆ ತಿರುಪಿನಂತೆ ತನ್ನ ಮೈ ಸುತ್ತಲೇ ಸುತ್ತುತ್ತಿತ್ತು. ಹೊಟ್ಟೆ ಮೇಲಾಗಿ ನಿಂತರೆ ಮತ್ತೆ ಮಗುಚಿಕೊಳ್ಳಲು ತಿಳಿಯುತ್ತಿರಲಿಲ್ಲ. ಯಾವ ಬಸ್ಸಿನಲ್ಲೂ ಅದು ಬಿದ್ದಿರಲಿಲ್ಲ.

ಮಾರನೆಯ ಬೆಳಿಗ್ಗೆ ತಂದೆ ಮಗು ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು ತರೀಕೆರೆ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಪಶುವೈದ್ಯರಿದ್ದಾರೆ, ಖಾಸಗಿಯವರು. ಹೆಚ್ಚಾಗಿ ಹಸು, ನಾಯಿ ನೋಡುತ್ತಾರೆ, ಹಾವೂ ಮುಟ್ಟುತ್ತಾರೆ. ದೊಡ್ಡ ಹಾವನ್ನು ಚೀಲದಿಂದ ತೆಗೆದ ಕೂಡಲೇ ಅವರು ಕನ್ನಡಕ ಸರಿಮಾಡಿಕೊಂಡರು.

"ಇದನ್ನ ನಾನ್ ನೋಡಿದೀನಲ್ಲಮ್ಮಾ. ಕಡೂರಲ್ಲಿ ಅಂಗಡಿ ಇಟ್ಟಿದಾರಲ್ಲ, ಅವರು ತಂದಿದ್ರು. ಆಗ ಮರಿ."

"ಅವ್ನು ನನ್ ತಮ್ಮ. ತಲೆಗೆ ಪೆಟ್ಟಾಗಿದೆ ಅಂದಿದ್ದ."

"ಪೆಟ್ಟಲ್ಲಮ್ಮಾ. ಹುಟ್ಟಿನಿಂದ ಬಂದಿರೋದು. ಈ ಬಲೆ ಇದೆಯಲ್ಲ, ಇದನ್ನ ಕೊಡೋ ಬೀಜದಲ್ಲೇ ಆ ನಡುಕಾನೂ ಇದೆ. ಬಲೆ ಮಾತ್ರ ಬೇಕು, ನಡುಕ ಬೇಡ ಅಂದ್ರೆ ಆಗಲ್ಲ. ಹುಟ್ಟೋ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತೆ. ಕೆಲವಕ್ಕೆ ಕಮ್ಮಿ, ಕೆಲವಕ್ಕೆ ಹಿಂಗೆ." ಅವರು ಡಬ್ಬದ ಕಡೆ ಗಲ್ಲ ತೋರಿಸಿದರು. "ಇದನ್ನೆಲ್ಲ ಅವತ್ತೇ ಹೇಳಿದ್ದೆ ಅವರಿಗೆ. ಮರಿ ಮಾಡಿಸಬೇಡಿ ಅಂತಾನೂ ಹೇಳಿದ್ದೆ."

"ಔಷಧಿ?"

"ಇಲ್ಲ. ನೀವ್ ಏನ್ ಮಾಡ್ತಿದೀರೋ ಅದೇ ಔಷಧಿ. ಗದ್ದಲ ಬೇಡ, ಜಾಸ್ತಿ ಮುಟ್ಟಬೇಡಿ, ಬಾಯಿ ಹತ್ರ ಊಟ ಹಿಡೀರಿ. ದೊಡ್ಡದು ಚೆನ್ನಾಗಿದೆ. ಚಿಕ್ಕದರ ಬಗ್ಗೆ ನಾನು ಆಸೆ ಹುಟ್ಟಿಸಲ್ಲ."

ಚಿಕ್ಕದು ಹನ್ನೊಂದು ದಿನ ಇತ್ತು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೆರಳುದ್ದದ ಇಲಿಮರಿ ಹಿಡಿದು ಕೂತೆ. ಒಂದು ಸಲವೂ ಬಾಯಿಗೆ ಸಿಗಲಿಲ್ಲ. ಹಿತ್ತಿಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಹೂತೆವು. ಗಂಡ ಗುದ್ದಲಿ ಕೊಡವುತ್ತಾ, "ಹೋಗ್ಲಿ ಬಿಡೇ, ತಮ್ಮ ತಾನೆ" ಎಂದರು. ಅವರು ಯಾರ ಬಗ್ಗೆಯೂ ಅಷ್ಟೇ ಹೇಳುವುದು. ನನಗೆ ಆ ಹೊತ್ತಿಗೆ ಅವರ ಮೇಲೂ ರೇಗಿತು.

ಅವತ್ತೇ ಹತ್ತು ಗಂಟೆಯ ಬಸ್ಸಿಗೆ ಬೀರೂರಿಗೆ ಹೋಗಿ, ಅಲ್ಲಿಂದ ಕಡೂರು ತಲುಪಿದೆ. ಅಂಗಡಿಯ ಮುಂಭಾಗದಲ್ಲೇ ಉಳಿದೆರಡು ಬಲೆಯ ಮರಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ, ಮೇಲೆ ಬಣ್ಣದ ಲೈಟು. 'ಮುಂದಿನ ಮರಿಗಳಿಗೆ ಬುಕಿಂಗ್ ಆರಂಭ' ಎಂದು ಚೀಟಿ ಅಂಟಿಸಿದ್ದ.

"ಡಾಕ್ಟ್ರು ಅವತ್ತೇ ಹೇಳಿದ್ರಂತೆ."

ತೊಟ್ಟಿಯ ಮೀನನ್ನು ಜಾಲರಿಯಲ್ಲಿ ಹಿಡಿಯುತ್ತಿದ್ದವನು ತಿರುಗಿಯೂ ನೋಡಲಿಲ್ಲ. "ಡಾಕ್ಟ್ರು ನೂರ್ ಹೇಳ್ತಾರೆ. ಜನ ಬಣ್ಣ ನೋಡ್ತಾರೆ ಕಣಕ್ಕ. ಸುಳಿ ನೋಡಿ ಎತ್ತು ಹಿಡಿಯೋ ಜನ ನಾವು. ನೀನೂ ನೋಡ್ದೆ ತಾನೆ?"

"ನೀನ್ ಸುಳ್ಳು ಹೇಳಿದ್ಯಲ್ಲೋ ನಂಗೆ."

"ಹೇಳದಿದ್ರೆ ನೀನ್ ಇಟ್ಕಂತಿದ್ಯಾ? ಸುಳ್ಳಿಂದ ಯಾರಿಗ್ ಏನ್ ನಷ್ಟ ಆಯ್ತು ಈಗ? ಈ ಸಲ ಕಾರ್ತಿಕ ಕಳೆದ್ ಮೇಲೆ ಬತ್ತೀನಿ, ದೊಡ್ಡದನ್ನ ರೆಡಿ ಮಾಡಿಡು. ಇವೆರಡೂ ಬೆಳೆದ್ರೆ ಆಮೇಲೆ ನಿನ್ ತಂಟೆಗೇ ಬರಲ್ಲ. ಇವುಗಳಿಂದ್ಲೇ ಆಗುತ್ತೆ."

"ಕೊಡಲ್ಲ."

"ಕಾಗದ ನನ್ ಹೆಸ್ರಲ್ಲೈತೆ."

ಅದು ನಿಜ. ಒಂದು ಗ್ಲಾಸು ನೀರೂ ಕುಡಿಯದೆ ಹೊರಗೆ ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಂದನ್ನು ಬಚ್ಚಿಟ್ಟರೆ ಎರಡು ಉಳಿಯುತ್ತವೆ. ಆ ಎರಡರಿಂದ ಇನ್ನಷ್ಟು ಬರುತ್ತವೆ. ಪ್ರತಿ ಮೊಟ್ಟೆಯ ರಾಶಿಯಲ್ಲೂ ಒಂದು ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತದೆ. ಮೊದಲ ರಾಶಿಗೆ ಬುಟ್ಟಿ ಕಟ್ಟಿಕೊಟ್ಟವಳು ನಾನು. ಮೂರೂ ನನ್ನ ಮನೆಯೊಳಗೆ ಇರಬೇಕು, ಮೂರರ ಬೀಜವೂ ಅಲ್ಲಿಗೇ ನಿಲ್ಲಬೇಕು. ಬೇರೆ ದಾರಿ ಕಾಣಲಿಲ್ಲ.

ಜಗಳ ಆಡಿದರೆ ತಮ್ಮನೇ ಗೆಲ್ಲುತ್ತಾನೆ, ಅವನ ಗಂಟಲು ದೊಡ್ಡದು. ನನಗೆ ಇರುವುದು ಕೂರುವ ಅಭ್ಯಾಸ. ಮುಂದಿನ ಸಂತೆಯ ದಿನ ಬೆಳಗಿನ ಕೆಲಸ ಮುಗಿಸಿ, ಒಂದು ಚೀಲದಲ್ಲಿ ಬಿಡಿ ಕನಕಾಂಬರ, ಬಾಳೆನಾರು, ಮಧ್ಯಾಹ್ನಕ್ಕೆ ಚಿತ್ರಾನ್ನ ಇಟ್ಟುಕೊಂಡು ಕಡೂರಿಗೆ ಹೋದೆ. ಅಂಗಡಿಯ ಪ್ಲಾಸ್ಟಿಕ್ ಸ್ಟೂಲನ್ನು ಮರಿಗಳ ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು ಹೂ ಕಟ್ಟುತ್ತಾ ಕೂತೆ.

"ಏನಕ್ಕ ಇದು?"

"ಸಂತೆಗೆ ಬಂದಿದ್ದೆ. ಬಸ್ಸಿಗೆ ಹೊತ್ತೈತೆ."

ಸಂತೆಯ ದಿನ ಅಂಗಡಿಯಲ್ಲಿ ಜನ ಜಾಸ್ತಿ. ಮೊದಲು ಬಂದವರು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ಒಬ್ಬರು ಮತ್ತು ಅವರ ಹೆಂಡತಿ. ಆಕೆ ಪೆಟ್ಟಿಗೆಗೆ ಬಗ್ಗಿ, "ನೋಡ್ರೀ, ಡ್ಯಾನ್ಸ್ ಮಾಡ್ತದೆ" ಎಂದರು.

"ಡ್ಯಾನ್ಸ್ ಅಲ್ಲ ಕಣಮ್ಮ, ಕಾಯ್ಲೆ" ಎಂದೆ, ಹೂವಿನಿಂದ ಕಣ್ಣೆತ್ತದೆ. "ಅದ್ರ ಅಪ್ಪಂಗೂ ಐತೆ, ನಮ್ಮನೇಲಿದೆ. ಊಟ ಮಾಡ್ಸೋಕೆ ಒಂದೊಂದ್ ದಿನ ಒಂದ್ ಗಂಟೆ ಹಿಡೀಬೇಕು. ಇವುಗಳ ಜೊತೆ ಹುಟ್ಟಿದ್ ಒಂದು ಹೋದ್ ವಾರ ತೀರ್ಕಂತು. ತಿರುಪಿನಂಗೆ ಸುತ್ಕಂಡು ಸುತ್ಕಂಡು."

ಆಕೆ ಸೆರಗು ಎಳೆದುಕೊಂಡು ಹಿಂದೆ ಸರಿದರು. "ಯಾವ್ದು, ಈ ಗೆರೆ ಇರೋದಾ?"

"ಗೆರೆ ಇದ್ದದ್ದಕ್ಕೆಲ್ಲ ಬರುತ್ತಂತೆ. ಬೇಕಾದ್ರೆ ಡಾಕ್ಟ್ರ ಹತ್ರ ಕೇಳ್ಕಂಡ್ ಬನ್ನಿ. ಇವ್ನು ನನ್ ಸ್ವಂತ ತಮ್ಮ, ಸುಳ್ಳ್ಯಾಕ್ ಹೇಳ್ಲಿ."

ಅವರು ಮೀನಿನ ಆಹಾರವನ್ನೂ ಕೊಳ್ಳದೆ ಹೋದರು. ತಮ್ಮ ಕೌಂಟರಿನ ಹಿಂದಿನಿಂದ ಹಲ್ಲು ಕಚ್ಚಿಕೊಂಡು ನೋಡಿದ. ಗಿರಾಕಿಗಳ ಮುಂದೆ ಅಕ್ಕನ ಕೈ ಹಿಡಿದು ಹೊರಗೆ ಹಾಕಲು ಅವನಿಂದಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕಡೂರಿನ ಅರ್ಧ ಜನಕ್ಕೆ ನಮ್ಮ ಅಪ್ಪ ಗೊತ್ತು.

ಮುಂದಿನ ವಾರ ಹೋದಾಗ ಸ್ಟೂಲು ಇರಲಿಲ್ಲ. ಗಿಳಿಯ ಕಾಳಿನ ಮೂಟೆಯ ಮೇಲೆ ಕೂತೆ. ಅದರ ಮುಂದಿನ ವಾರ ಮರಿಗಳ ಪೆಟ್ಟಿಗೆ ಒಳಕೋಣೆಗೆ ಹೋಗಿತ್ತು. ಬಂದವರಿಗೆಲ್ಲ ಒಳಗಡೆ ಹಾವಿನ ಮರಿ ಇವೆ ಎಂದು ನಾನೇ ತಿಳಿಸಿ, ಮಿಕ್ಕದ್ದನ್ನೂ ಹೇಳಿದೆ. ಅವತ್ತು ಒಬ್ಬ ಗಿರಾಕಿ ಬುಕಿಂಗ್ ಬೇಡವೆಂದು ಚೀಟಿ ವಾಪಸು ಕೊಟ್ಟ. ಆತ ಹೋದ ಮೇಲೆ ತಮ್ಮ ಶಟರ್ ಅರ್ಧ ಎಳೆದ.

"ಎಷ್ಟ್ ವಾರ ಬತ್ತೀಯ?"

"ಹೂವಿನ ಕಾಲ ಮುಗಿಯೋವರ್ಗೂ. ಆಮೇಲೆ ಸ್ವೆಟರ್ ಶುರು ಮಾಡ್ತೀನಿ."

"ಹೊಟ್ಟೆ ಮೇಲೆ ಹೊಡೀತಿದೀಯ ಕಣೇ. ಒಡಹುಟ್ಟಿದವಳು ಮಾಡೋ ಕೆಲಸಾನ ಇದು?"

ಅಕ್ಕ ಎನ್ನಲಿಲ್ಲ, ಕಣೇ ಎಂದ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದವಳಂತೆ ಇನ್ನೊಂದು ಗಂಟು ಹಾಕಿದೆ. ಮನೆಗೆ ಬಂದು ನೋಡಿದರೆ ಆ ಮೊಳದ ಗಂಟುಗಳೆಲ್ಲ ಸಡಿಲ, ದೇವರಿಗೆ ಹಾಕುವಷ್ಟರಲ್ಲಿ ಉದುರಿದವು.

ನಾಲ್ಕನೆಯ ವಾರ ಹೋಗುವ ಅಗತ್ಯ ಬೀಳಲಿಲ್ಲ. ಸಂತೆಯ ಹಿಂದಿನ ದಿನ ಮಧ್ಯಾಹ್ನ ಗೇಟಿನ ಹತ್ತಿರ ಬೈಕು ನಿಂತಿತು. ತಮ್ಮ ಒಳಗೆ ಬರಲಿಲ್ಲ. ಎರಡು ಡಬ್ಬಗಳನ್ನು ಕಾಂಪೌಂಡಿನ ಮೇಲಿಟ್ಟ, ಮೇಲೊಂದು ಕಾಗದದ ಕವರು.

"ಬನ್ನಿ ಭಾವ, ಎಲ್ಲಾ ನೋಡ್ಕಂಬಿಡಿ" ಎಂದು ನನ್ನ ಗಂಡನನ್ನು ಕರೆದ. ನನ್ನ ಕಡೆ ತಿರುಗಲಿಲ್ಲ. "ಮೂರನ್ನೂ ನಿಮ್ ಹೆಸ್ರಿಗೆ ಮಾಡ್ಸಕ್ಕೆ ಬೇಕಾದ್ ಕಾಗದ ಇದ್ರಲ್ಲೈತೆ, ಸೈನ್ ಹಾಕಿದೀನಿ. ನಿಮ್ ಮನೆಯೋರಿಗ್ ಹೇಳಿ, ಇನ್ನೊಂದ್ ಸಲ ನನ್ ಅಂಗ್ಡಿ ಮೆಟ್ಲು ಹತ್ತೋದ್ ಬೇಡ ಅಂತ."

"ಮೊಟ್ಟೆ ಇನ್ನೇನಾದ್ರೂ ಐತಾ ಅಂತ ಕೇಳ್ರೀ" ಎಂದೆ ನಾನು, ನಾನೂ ಗಂಡನಿಗೇ.

"ಇಲ್ಲ" ಎಂದ ತಮ್ಮ, ಗಾಳಿಗೆ.

"ಅಮ್ಮನ ಆಣೆ ಇಟ್ಟು ಹೇಳ್ಲಿ."

ಅವನು ಬೈಕು ಹತ್ತಿ ಕೂತ. "ಅಮ್ಮನ ಆಣೆಗೂ ಇಲ್ಲ" ಎಂದು ಕಿಕ್ ಹೊಡೆದ. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. "ಮೂರಾಯ್ತಾ ಈಗ" ಎಂದಳು. "ಹೂಂ, ನಿಮ್ಗೊಂದ್ ಕೊಡ್ಲಾ" ಎಂದೆ.

ಕಾಗದ ಬದಲಾಗಿದೆ. ಮೂರೂ ಬೇರೆ ಬೇರೆ ಪೆಟ್ಟಿಗೆಯಲ್ಲಿವೆ. ಜೋಡಿಗೆಂದು ಬೇರೆ ಹಾವು ಈ ಮನೆಯೊಳಗೆ ಎಂದೂ ಬರುವುದಿಲ್ಲ. ಎಷ್ಟು ವರ್ಷ ಬದುಕುತ್ತವೆ ಎಂದು ಡಾಕ್ಟರನ್ನು ಕೇಳಿದ್ದೆ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತಕ್ಕೂ ಮೇಲೆ ಎಂದರು. ಅಷ್ಟರಲ್ಲಿ ನನಗೆ ಎಪ್ಪತ್ತು ದಾಟಿರುತ್ತದೆ. ಚಿಮ್ಮಟ ಹಿಡಿಯುವ ಕೈ ಆಗ ಹೇಗಿರುತ್ತದೋ.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಅಪ್ಪ ಹೋದ ಮೇಲೂ ತಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ; ಮೊರದಲ್ಲಿ ಬಳೆ, ಬಿಚ್ಚೋಲೆ, ರವಿಕೆ ಬಟ್ಟೆ ಇಟ್ಟು ತಾನೇ ಬಂದು ಕೊಟ್ಟು, ಹೋಳಿಗೆ ಉಂಡು ಹೋಗುತ್ತಿದ್ದ. ಹಬ್ಬದ ದಿನ ಹನ್ನೊಂದರವರೆಗೂ ಗೇಟಿನ ಸಪ್ಪಳವಾಗಲಿಲ್ಲ.

"ಒಂದ್ ಫೋನ್ ಮಾಡ್ತೀಯಾ?" ಎಂದರು ಗಂಡ.

"ಆ ಡಾಕ್ಟ್ರ ಮಾತನ್ನ ಮೊದಲ್ನೇ ದಿನ ಯಾಕ್ ಹೇಳ್ಲಿಲ್ಲ ಅಂತ ಕೇಳೋಕಾದ್ರೆ ಮಾಡ್ತೀನಿ."

"ಹಬ್ಬದ್ ದಿನ ಅದನ್ನ ಕೇಳ್ತಾರೇನೇ?"

"ಹಂಗಾದ್ರೆ ಮಾಡಲ್ಲ."

ಅವರು ಪೇಪರ್ ತೆಗೆದುಕೊಂಡು ಜಗಲಿಗೆ ಹೋದರು. ಅವತ್ತು ಮರಿಗಳ ಊಟದ ದಿನವಾಗಿತ್ತು. ಒಬ್ಬಟ್ಟಿನ ಹೂರಣ ರುಬ್ಬುವುದನ್ನು ಮುಂದಕ್ಕೆ ಹಾಕಿ, ಕೆಂಪು ದಾರದ ಚೊಂಬಿಗೆ ಬಿಸಿನೀರು ಹುಯ್ದೆ. ಎರಡರಲ್ಲಿ ದೊಡ್ಡ ಮರಿ ಮೂರನೆಯ ಸಲಕ್ಕೆ ಹಿಡಿಯಿತು. ಚಿಕ್ಕದು ಗಲ್ಲ ಮೇಲೆ ಮಾಡಿ ನನ್ನ ಬೆರಳಿಗೆ, ಗಾಜಿಗೆ, ತನ್ನ ಮೈಗೇ ಬಾಯಿ ಹಾಕಿತು. ಬಲಗೈ ಜೋಮು ಹಿಡಿದು ಎಡಗೈಗೆ ಬದಲಿಸಿದೆ. ಹದಿನಾಲ್ಕನೆಯ ಸಲ ಇಲಿಮರಿಯ ಮೂತಿ ಅದರ ಬಾಯಿಗೆ ಸಿಕ್ಕಿತು. ಅದು ನುಂಗಿ ಮುಗಿಸುವವರೆಗೂ ಮಿಸುಕದೆ ಕೂತಿದ್ದು, ಎದ್ದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಎಂದು ಬರೆದು, ಕೈ ತೊಳೆದು, ಬೆಳಗಿನಿಂದ ತೆಗೆದಿಟ್ಟಿದ್ದ ಗೇಟಿನ ಚಿಲಕ ಹಾಕಿ ಬಂದು ಮಿಕ್ಸಿ ಹಚ್ಚಿದೆ.